ಚಾಂದ್ ಬೀಬಿಗೆ ಶಕ್ತಿ ಬಂದದ್ದು ಎಲ್ಲಿಂದ?

ಕಾಮಿಕ್ಸ್‌ನ ಯಾವ ಸೂಪರ್‌ಹೀರೊನನ್ನು ತೆಗೆದುಕೊಂಡರೂ ಅವನ ಕಥೆಯಲ್ಲಿ ಒಂದು ಪುಟ ಬಹಳ ಮುಖ್ಯವಾದದ್ದು. ಅದು ಅವನಿಗೆ ಶಕ್ತಿ ಬಂದ ಪುಟ. 1938ರಲ್ಲಿ ಅಮೆರಿಕದಲ್ಲಿ ಮೊದಲು ಅಚ್ಚಾದ ಸೂಪರ್‌ಮ್ಯಾನ್ ಬೇರೆ ಗ್ರಹದಲ್ಲಿ ಹುಟ್ಟಿದವನು. ಅವನ ಹುಟ್ಟೇ ಅವನ ಬಲ. 1941ರ ಕ್ಯಾಪ್ಟನ್ ಅಮೆರಿಕ ಮೊದಲು ಬಡಕಲು ಹುಡುಗ. ಪ್ರಯೋಗಾಲಯದ ಒಂದು ಔಷಧ ಮೈಗೆ ಸೇರಿದ ಮೇಲೆ ಉಕ್ಕಿನ ಹಾಗೆ ಗಟ್ಟಿಯಾದ. 1962ರಲ್ಲಿ ಬಂದ ಹಲ್ಕ್‌ನ ಶಕ್ತಿ ಗಾಮಾ ಕಿರಣದಿಂದ ಬಂತು. ಅದೇ ವರ್ಷ ಬಂದ ಸ್ಪೈಡರ್‌ಮ್ಯಾನ್‌ನ ಶಕ್ತಿ ವಿಕಿರಣ ತಗುಲಿದ ಒಂದು ಜೇಡ ಕಚ್ಚಿದ್ದರಿಂದ ಬಂತು. ನಮ್ಮ ದೂರದರ್ಶನದಲ್ಲಿ 1997ರಲ್ಲಿ ಶುರುವಾದ ಶಕ್ತಿಮಾನ್‌ಗೆ ಯೋಗಸಾಧನೆಯ ಬಲ. ಇತ್ತೀಚಿನ ಕಮಲಾ ಖಾನ್ ಅಮೆರಿಕದ ಜೆರ್ಸಿ ಸಿಟಿಯಲ್ಲಿರುವ ಪಾಕಿಸ್ತಾನಿ ಮೂಲದ ಮನೆಯ ಮುಸ್ಲಿಂ ಹುಡುಗಿ. ಕಾಮಿಕ್ಸ್‌ನಲ್ಲಿ ಒಂದು ವಿಚಿತ್ರ ಮಂಜು ಮುಸುಕಿ ಆಕೆ ಮಿಸ್ ಮಾರ್ವೆಲ್ ಆಗುತ್ತಾಳೆ. 2022ರ ಟಿವಿ ಸರಣಿಯಲ್ಲಿ ಮಂಜಿನ ಬದಲು ಮುತ್ತಜ್ಜಿಯ ಬಳೆ ಬಂತು.

ಇವರಲ್ಲಿ ಹೆಚ್ಚಿನವರ ಶಕ್ತಿ ಒಂದು ಕ್ಷಣದಲ್ಲಿ ಬಂದದ್ದು. ನಿನ್ನೆ ಇರಲಿಲ್ಲ, ಇವತ್ತು ಇದೆ. ಓದುವ ನಮಗೂ ಅದೇ ಇಷ್ಟ. ಪರೀಕ್ಷೆಯ ಹಿಂದಿನ ರಾತ್ರಿ ಅಂಥದೊಂದು ಜೇಡ ನಮ್ಮನ್ನೂ ಕಚ್ಚಬಾರದೇ ಎಂದು ಯಾರಿಗೆ ಅನಿಸಿಲ್ಲ?

ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈ ಅವರು 1967ರಲ್ಲಿ ಆರಂಭಿಸಿದ ಅಮರ ಚಿತ್ರ ಕಥೆ ಮಾಲೆಯಲ್ಲಿ ಚಾಂದ್ ಬೀಬಿಯ ಹೆಸರಿನ ಒಂದು ಪುಸ್ತಕವಿದೆ. ಹೀಗೆ ನಮ್ಮ ವಿಜಾಪುರದ ರಾಣಿಯೊಬ್ಬಳು ಕಾಮಿಕ್ಸ್ ಸೇರಿದ್ದಾಳೆ. ಮುಖದ ಮೇಲೆ ಪರದೆ, ಮೈಮೇಲೆ ಕವಚ, ಕೈಯಲ್ಲಿ ಬಿಚ್ಚುಗತ್ತಿ, ಎದುರಿಗೆ ಒಡೆದ ಕೋಟೆಗೋಡೆ. ಆಕೆಯ ಕಥೆ ಹೇಳುವವರೆಲ್ಲ ನೆನೆಯುವುದು ಈ ಒಂದು ದೃಶ್ಯವನ್ನೇ. ಆಗ ಆಕೆಗೆ ಸುಮಾರು 45 ವರ್ಷ. ಅಂದು ಆಕೆ ತೋರಿದ ಶಕ್ತಿ ಎಲ್ಲಿಂದ ಬಂತು ಎಂದು ಹುಡುಕುತ್ತ ಹೋದರೆ ಜೇಡ, ಕಿರಣ, ಮಂಜು ಯಾವುದೂ ಸಿಗುವುದಿಲ್ಲ. ಒಂದೊಂದು ಶಕ್ತಿಗೂ ಒಂದೊಂದು ಊರು ಸಿಗುತ್ತದೆ, ಒಂದೊಂದು ವರ್ಷ ಸಿಗುತ್ತದೆ.

ಅಮ್ಮನ ಪಾಠ

ಚಾಂದ್ ಬೀಬಿ ಹುಟ್ಟಿದ್ದು 1550ರ ಸುಮಾರಿಗೆ, ಅಹಮದ್‌ನಗರದ ನಿಜಾಮ್‌ಶಾಹಿ ಅರಮನೆಯಲ್ಲಿ. ತಂದೆ ಹುಸೇನ್ ನಿಜಾಮ್ ಶಾಹ, ತಾಯಿ ಖುಂಜಾ ಹುಮಾಯೂನ್. ದಖನ್ನಿನಲ್ಲಿ ಆಗ ವಿಜಾಪುರ, ಅಹಮದ್‌ನಗರ, ಗೋಲ್ಕೊಂಡ, ಬೀದರ, ಬೇರಾರ್ ಎಂಬ ಐದು ಸುಲ್ತಾನಶಾಹಿಗಳಿದ್ದವು. ತುಂಗಭದ್ರೆಯ ದಂಡೆಯ ಮೇಲೆ ವಿಜಯನಗರವಿತ್ತು. ಇವತ್ತಿನ ಗೆಳೆಯ ನಾಳೆಯ ವೈರಿ, ನಾಳೆಯ ವೈರಿ ನಾಡಿದ್ದಿನ ಬೀಗ. ನಮ್ಮ ಗೋಕಾಕ, ಹುಕ್ಕೇರಿ, ಮೂಡಲಗಿಯ ಸೀಮೆ ಆಗ ವಿಜಾಪುರದ ಆದಿಲ್‌ಶಾಹಿಗೆ ಸೇರಿತ್ತು. ಹುಕ್ಕೇರಿ ಪಟ್ಟಣದಲ್ಲಿ ಇಂದಿಗೂ ನಿಂತಿರುವ ಗುಮ್ಮಟಗಳು ಆ ಕಾಲದವೇ.

1565ರಲ್ಲಿ ಹುಸೇನ್ ನಿಜಾಮ್ ಶಾಹ ತೀರಿಕೊಂಡಾಗ ಪಟ್ಟಕ್ಕೆ ಬಂದ ಮಗ ಮುರ್ತಜಾ ಇನ್ನೂ ಚಿಕ್ಕವನು. ಕೆಲವು ವರ್ಷ ರಾಜ್ಯದ ಆಡಳಿತ ನಡೆಸಿದವಳು ತಾಯಿ ಖುಂಜಾ ಹುಮಾಯೂನ್. ಕೊನೆಗೆ ದೊಡ್ಡವನಾದ ಮಗನೇ ಆಕೆಯನ್ನು ಅಧಿಕಾರದಿಂದ ಇಳಿಸಿ ಸೆರೆಗೆ ಹಾಕಿದ. ಅಷ್ಟರಲ್ಲಿ ಚಾಂದ್ ಬೀಬಿ ಮದುವೆಯಾಗಿ ವಿಜಾಪುರ ಸೇರಿದ್ದಳು. ತವರಿನ ಸುದ್ದಿ ಆಕೆಗೆ ಮುಟ್ಟದೆ ಇರಲಾರದು. ಹೆಣ್ಣೊಬ್ಬಳು ರಾಜ್ಯ ನಡೆಸಬಲ್ಲಳು, ಆದರೆ ಆಕೆಯ ಕುರ್ಚಿಯ ಕಾಲನ್ನು ಎಳೆಯುವವರು ಹೊರಗಿನವರೇ ಆಗಬೇಕಿಲ್ಲ ಎಂಬ ಎರಡು ಮಾತು ಆ ಸುದ್ದಿಯಲ್ಲಿ ಸೇರಿದ್ದವು.

ಕಮಲಾ ಖಾನಳಿಗೆ ಮುತ್ತಜ್ಜಿಯಿಂದ ಬಳೆ ಬಂತು. ಚಾಂದ್ ಬೀಬಿಗೆ ತಾಯಿಯಿಂದ ಬಂದದ್ದು ಈ ತಿಳಿವಳಿಕೆ.

ಐದು ಭಾಷೆ

ಮದುವೆ ನಡೆದದ್ದು ರಾಜಕೀಯದ ಲೆಕ್ಕಾಚಾರದಿಂದ. ವಿಜಯನಗರದ ವಿರುದ್ಧ ಒಂದಾಗಬೇಕೆಂದು ಸುಲ್ತಾನರು ತೀರ್ಮಾನಿಸಿದಾಗ ಆ ಒಪ್ಪಂದವನ್ನು ಮದುವೆಗಳಿಂದ ಗಟ್ಟಿಮಾಡಿದರು. ಅಹಮದ್‌ನಗರದ ಚಾಂದ್ ಬೀಬಿಯನ್ನು ವಿಜಾಪುರದ ಮೊದಲನೆಯ ಅಲಿ ಆದಿಲ್ ಶಾಹನಿಗೆ ಕೊಟ್ಟರು. ಅಲಿಯ ತಂಗಿಯನ್ನು ಚಾಂದ್ ಬೀಬಿಯ ಸಹೋದರ ಮುರ್ತಜಾನಿಗೆ ತಂದುಕೊಂಡರು. ಎರಡೂ ರಾಜ್ಯಗಳು ಬಹಳ ವರ್ಷ ಕಾದಾಡಿದ್ದ ಸೊಲ್ಲಾಪುರದ ಕೋಟೆ ಚಾಂದ್ ಬೀಬಿಯ ವರದಕ್ಷಿಣೆಯಾಗಿ ವಿಜಾಪುರಕ್ಕೆ ಬಂತು. 1565ರ ಜನವರಿಯಲ್ಲಿ ತಾಳಿಕೋಟೆ ಯುದ್ಧ ನಡೆಯಿತು. ಆಗ ಆಕೆಗೆ ಹದಿನಾಲ್ಕು ಹದಿನೈದು ವರ್ಷ. ನಮ್ಮ ಹೈಸ್ಕೂಲಿನ ಹುಡುಗಿಯರ ವಯಸ್ಸು.

ಒಪ್ಪಂದದ ಕಾಗದದಲ್ಲಿ ಒಂದು ಸಾಲಾಗಿ ಬಂದ ಈ ಹುಡುಗಿ ವಿಜಾಪುರದಲ್ಲಿ ಕೈಕಟ್ಟಿ ಕೂರಲಿಲ್ಲ. ಅಲಿ ಆದಿಲ್ ಶಾಹ ಪುಸ್ತಕಪ್ರಿಯ. ಪ್ರಯಾಣದಲ್ಲೂ ಪುಸ್ತಕದ ಪೆಟ್ಟಿಗೆಗಳನ್ನು ಜೊತೆಗೆ ಒಯ್ಯುತ್ತಿದ್ದವನು. ವಿಜಾಪುರದ ಜಾಮಿಯಾ ಮಸೀದಿ, ಗಗನ ಮಹಲ್, ಊರ ಸುತ್ತಲಿನ ದೊಡ್ಡ ಕೋಟೆಗೋಡೆ ಅವನ ಕಾಲದ ಕೆಲಸಗಳು. ಚಾಂದ್ ಬೀಬಿ ಕುದುರೆ ಸವಾರಿ ಬಲ್ಲವಳು, ಗಿಡುಗ ಹಿಡಿದು ಬೇಟೆಗೆ ಹೋಗುವವಳು. ಕೈಮೇಲೆ ಗಿಡುಗ ಕೂರಿಸಿಕೊಂಡು ಕುದುರೆ ಓಡಿಸುವ ಆಕೆಯನ್ನು ದಖನ್ನಿನ ಕಲಾವಿದರು ಮುಂದೆ ಬಹಳ ಕಾಲ ಚಿತ್ರಿಸುತ್ತಲೇ ಇದ್ದರು. ಸಿತಾರ್ ನುಡಿಸುತ್ತಿದ್ದಳು, ಹೂವಿನ ಚಿತ್ರ ಬರೆಯುತ್ತಿದ್ದಳು ಎಂದೂ ಚರಿತ್ರೆಯ ಪುಸ್ತಕಗಳು ಹೇಳುತ್ತವೆ.

ಎಲ್ಲಕ್ಕಿಂತ ಮುಖ್ಯವಾದದ್ದು ಆಕೆಯ ಭಾಷೆಗಳು. ಅರಬಿ, ಪಾರಸಿ, ತುರ್ಕಿ, ಮರಾಠಿ, ಕನ್ನಡ, ಹೀಗೆ ಐದು. ಇದು ಅಲಂಕಾರಕ್ಕೆ ಕಲಿತ ವಿದ್ಯೆಯಾಗಿರಲಿಲ್ಲ. ಆದಿಲ್‌ಶಾಹಿ ದರಬಾರಿನ ಕಾಗದ ಪಾರಸಿಯಲ್ಲಿ. ಇರಾನ್, ತುರ್ಕಸ್ತಾನಗಳಿಂದ ಬಂದ ಸರದಾರರ ಮನೆಮಾತು ಬೇರೆ. ಲೆಕ್ಕಪತ್ರ ಬರೆಯುವವರಲ್ಲಿ, ಕುದುರೆ ಸವಾರರಲ್ಲಿ ಅನೇಕರು ಮರಾಠಿಯವರು. ಸುತ್ತಲಿನ ಹಳ್ಳಿಯ ರೈತ, ಕೋಟೆಯ ಕಾವಲುಗಾರ ಆಡುವುದು ಕನ್ನಡ. ಪರದೆಯ ಹಿಂದೆ ಕುಳಿತು ಆಳಬೇಕಾದ ಹೆಣ್ಣಿಗೆ ಜನರನ್ನು ಮುಖ ನೋಡಿ ಅಳೆಯುವ ಅವಕಾಶ ಕಡಿಮೆ. ಕಿವಿಯೇ ಆಕೆಯ ಕಣ್ಣು. ನಡುವೆ ದುಭಾಷಿ ಬಂದರೆ ಅರ್ಧ ಮಾತು ಅಲ್ಲೇ ಕಳೆದುಹೋಗುತ್ತದೆ. ಎಲ್ಲರ ಮಾತನ್ನೂ ನೇರವಾಗಿ ಕೇಳಬಲ್ಲವಳಿಗೆ ಅದು ಎಂಥ ಬಲ ಎಂದು ಯೋಚಿಸಿ.

ಈ ಜಾಗದಲ್ಲಿ ನಮ್ಮನ್ನು ನಾವು ಸ್ವಲ್ಪ ನೋಡಿಕೊಳ್ಳಬೇಕು. ನಮ್ಮ ಭಾಗದ ಎಷ್ಟೋ ಮನೆಗಳಲ್ಲಿ ದಖನಿ ಉರ್ದು ಮಾತು, ಓಣಿಯಲ್ಲಿ ಕನ್ನಡ, ಸಂಕೇಶ್ವರ ನಿಪ್ಪಾಣಿ ಕಡೆಯ ವ್ಯಾಪಾರಕ್ಕೆ ಮರಾಠಿ, ಓದಲು ಇಂಗ್ಲಿಷ್, ಕುರಾನ್ ಪಠಣಕ್ಕೆ ಅರಬಿ ಅಕ್ಷರ. ಸಿನಿಮಾ ನೋಡಿ ಕಲಿತ ಹಿಂದಿ ಬೇರೆ. ಲೆಕ್ಕ ಹಾಕಿದರೆ ನಾವೂ ಐದಕ್ಕೆ ಮುಟ್ಟುತ್ತೇವೆ. ಆದರೆ ಅದನ್ನು ಶಕ್ತಿ ಎಂದುಕೊಳ್ಳುವುದಿಲ್ಲ. ಯಾವ ಭಾಷೆಯೂ ಸರಿಯಾಗಿ ಬರುವುದಿಲ್ಲ ಎಂದು ತಲೆ ತಗ್ಗಿಸುತ್ತೇವೆ. ಚಾಂದ್ ಬೀಬಿ ಅವನ್ನು ಒಂದೊಂದಾಗಿ ಹದ ಮಾಡಿಕೊಂಡಳು.

ಮೊದಲನೆಯ ಕೋಟೆ

1580ರಲ್ಲಿ ಅಲಿ ಆದಿಲ್ ಶಾಹ ಅರಮನೆಯಲ್ಲೇ ಕೊಲೆಯಾದ. ಮಕ್ಕಳಿರಲಿಲ್ಲ. ತಮ್ಮನ ಮಗ ಇಬ್ರಾಹಿಂ ಒಂಬತ್ತು ವರ್ಷದವನು. ಅವನನ್ನು ಪಟ್ಟಕ್ಕೆ ಕೂರಿಸಿದರು. ಹುಡುಗನ ಪಾಲನೆ, ವಿದ್ಯಾಭ್ಯಾಸದ ಹೊಣೆ ಮೂವತ್ತರ ವಿಧವೆ ಚಾಂದ್ ಬೀಬಿಯ ಮೇಲೆ ಬಿತ್ತು.

ವಿಜಾಪುರದ ದರಬಾರಿನಲ್ಲಿ ಆಗ ಮೂರು ಪಂಗಡ. ಇಲ್ಲೇ ಹುಟ್ಟಿ ಬೆಳೆದ ದಖನಿಗಳು, ಇರಾನ್ ಕಡೆಯಿಂದ ಬಂದ ಆಫಾಕಿಗಳು, ಆಫ್ರಿಕಾ ಮೂಲದ ಹಬಶಿಗಳು. ಒಬ್ಬರ ಮೇಲೆ ಒಬ್ಬರಿಗೆ ನಂಬಿಕೆಯಿಲ್ಲ. ಮೊದಲು ಅಧಿಕಾರ ಹಿಡಿದ ಕಾಮಿಲ್ ಖಾನ್ ರಾಣಿಗೆ ಮರ್ಯಾದೆ ಕೊಡಲಿಲ್ಲ. ಆಕೆ ಹಾಜಿ ಕಿಶ್ವರ್ ಖಾನನ ಸಹಾಯದಿಂದ ಅವನನ್ನು ಇಳಿಸಿದಳು. ಕಿಶ್ವರ್ ಖಾನ್ ಅವನಿಗಿಂತ ಕೆಟ್ಟವನಾದ. ಬಂಕಾಪುರದಲ್ಲಿದ್ದ ಹಿರಿಯ ಸರದಾರ ಮುಸ್ತಫಾ ಖಾನನನ್ನು ಕೊಲ್ಲಿಸಿದ. ಅದನ್ನು ಪ್ರಶ್ನಿಸಿದ ಚಾಂದ್ ಬೀಬಿಯನ್ನೇ ಅರಮನೆಯಿಂದ ಹೊರಹಾಕಿ ಸಾತಾರಾ ಕೋಟೆಯ ಸೆರೆಗೆ ಕಳಿಸಿದ.

ಇಷ್ಟಕ್ಕೇ ಕಥೆ ಮುಗಿಯಬೇಕಿತ್ತು. ಆದರೆ ಕಿಶ್ವರ್ ಖಾನನ ಮೇಲೆ ಜನ ತಿರುಗಿಬಿದ್ದರು, ಹಬಶಿ ಸರದಾರರು ಎದ್ದರು. ಅವನು ಊರು ಬಿಟ್ಟು ಓಡಿದ. ಹಬಶಿ ಸರದಾರರ ಮುಂದಾಳು ಇಖ್ಲಾಸ್ ಖಾನ್ ಅಧಿಕಾರಕ್ಕೆ ಬಂದ, ಚಾಂದ್ ಬೀಬಿ ಸಾತಾರಾದಿಂದ ಬಿಡುಗಡೆಯಾಗಿ ಮರಳಿ ಬಂದಳು.

ಒಳಗಿನ ಈ ಜಗಳ ಹೊರಗಿನವರಿಗೆ ಗೊತ್ತಾಗದೆ ಇರುತ್ತದೆಯೇ? ಅಹಮದ್‌ನಗರ, ಗೋಲ್ಕೊಂಡಗಳ ಸೈನ್ಯ ವಿಜಾಪುರವನ್ನು ಮುತ್ತಿದವು. ಊರೊಳಗೆ ಇದ್ದ ಸೈನಿಕರು ಕೆಲವೇ ಸಾವಿರ. ಗೋಡೆಯ ಹೊರಗೆ ನಿಂತ ಅಹಮದ್‌ನಗರದ ಸೈನ್ಯ ಚಾಂದ್ ಬೀಬಿಯ ಸ್ವಂತ ಸಹೋದರ ಮುರ್ತಜಾನದು. ತವರು ಹೊರಗೆ, ಗಂಡನ ಮನೆ ಒಳಗೆ. ಆಕೆ ಒಳಗಿನವರ ಜೊತೆ ನಿಂತಳು. ಮಳೆಗಾಲದಲ್ಲಿ ಗೋಡೆಯ ಒಂದು ಭಾಗ ಕುಸಿದಾಗ ರಾತ್ರಿಯೆಲ್ಲ ಆಕೆ ಆ ಜಾಗದಲ್ಲೇ ಇದ್ದು ದುರಸ್ತಿ ಮಾಡಿಸಿದಳು ಎಂಬ ಮಾತು ನಡೆದು ಬಂದಿದೆ. ಮುತ್ತಿಗೆ ತಿಂಗಳುಗಟ್ಟಲೆ ನಡೆದು, ಕೊನೆಗೆ ವೈರಿಗಳು ಬರಿಗೈಯಲ್ಲಿ ಹಿಂದಿರುಗಿದರು. ಅಂದು ಉಳಿದ ಗೋಡೆ ಗಂಡ ಕಟ್ಟಿಸಿದ್ದು.

ಆಮೇಲೆ ಅಧಿಕಾರ ದಿಲಾವರ್ ಖಾನನ ಕೈಗೆ ಹೋಯಿತು. 1584ರಲ್ಲಿ ಇಬ್ರಾಹಿಂನ ತಂಗಿ ಖದೀಜಾಳನ್ನು ಅಹಮದ್‌ನಗರದ ರಾಜಕುಮಾರನಿಗೆ ಕೊಟ್ಟಾಗ ಚಾಂದ್ ಬೀಬಿ ಮದುಮಗಳ ಜೊತೆ ತವರಿಗೆ ಹೋದಳು. ವಿಜಾಪುರದಲ್ಲಿ ಆಕೆ ಸಾಕಿದ ಹುಡುಗ ಮುಂದೆ ಎರಡನೆಯ ಇಬ್ರಾಹಿಂ ಆದಿಲ್ ಶಾಹನಾಗಿ ಬೆಳೆದ. ಸಂಗೀತಗಾರ, ದಖನಿಯಲ್ಲಿ ಹಾಡು ಬರೆದವನು, ಜನ ಜಗದ್ಗುರು ಬಾದಶಾಹ ಎಂದು ಕರೆದವನು. ಅವನನ್ನು ಹೊಗಳುವ ನಾವು ಅವನನ್ನು ಬೆಳೆಸಿದವರು ಯಾರೆಂದು ಕೇಳುವುದು ಅಪರೂಪ.

ಎರಡನೆಯ ಕೋಟೆ

ತವರಿನ ಸ್ಥಿತಿ ವಿಜಾಪುರಕ್ಕಿಂತ ಹದಗೆಟ್ಟಿತ್ತು. 1588ರಲ್ಲಿ ಮುರ್ತಜಾನನ್ನು ಅವನ ಮಗನೇ ಕೊಂದ. ಮರುವರ್ಷ ಆ ಮಗನೂ ಕೊಲೆಯಾದ. ಒಬ್ಬರ ಹಿಂದೆ ಒಬ್ಬರು ಪಟ್ಟಕ್ಕೆ ಬಂದರು, ಹೋದರು. 1595ರಲ್ಲಿ ಇಬ್ರಾಹಿಂ ನಿಜಾಮ್ ಶಾಹ ಯುದ್ಧದಲ್ಲಿ ಸತ್ತಾಗ ಉಳಿದವನು ಅವನ ಎಳೆಯ ಮಗ ಬಹಾದೂರ್. ಚಾಂದ್ ಬೀಬಿ ಈ ಮಗುವಿನ ಪರ ನಿಂತಳು. ಮಿಯಾನ್ ಮಂಜು ಎಂಬ ಮಂತ್ರಿ ಬೇರೊಬ್ಬ ಹುಡುಗನನ್ನು ತಂದು ಪಟ್ಟ ಕಟ್ಟಿದ. ಅವನ ವಿರೋಧಿಗಳು ಬಲವಾದಾಗ ಗುಜರಾತಿನಲ್ಲಿದ್ದ ಅಕ್ಬರನ ಮಗ ಮುರಾದನಿಗೆ ಪತ್ರ ಬರೆದು ಸಹಾಯ ಬೇಡಿದ. ಮೊಗಲರು ಕಾಯುತ್ತಿದ್ದದ್ದೇ ಅದಕ್ಕೆ. ತಾನು ಮಾಡಿದ ಅನಾಹುತ ತಿಳಿದಾಗ ಮಂತ್ರಿ ಕೋಟೆ ಬಿಟ್ಟು ಹೊರಟುಹೋದ. ಕೋಟೆ ಚಾಂದ್ ಬೀಬಿಯ ಕೈಗೆ ಬಂತು.

1595ರ ಡಿಸೆಂಬರಿನಲ್ಲಿ ಮೊಗಲ್ ಸೈನ್ಯ ಅಹಮದ್‌ನಗರದ ಮುಂದೆ ಬಂದು ನಿಂತಿತು. ಮುರಾದನ ಜೊತೆ ಬಂದವನು ಅಬ್ದುರ್ ರಹೀಂ ಖಾನ್‌ಖಾನಾ. ಹಿಂದಿ ಪಠ್ಯದಲ್ಲಿ ದೋಹೆಗಳಿಂದ ನಮಗೆ ಪರಿಚಯವಿರುವ ರಹೀಂ ಕವಿಯೇ ಇವನು. ರಾಜಕುಮಾರನಿಗೂ ಖಾನ್‌ಖಾನಾನಿಗೂ ಹೊಂದಿಕೆಯಿರಲಿಲ್ಲ. ಅದು ಕೋಟೆಯೊಳಗಿನವರಿಗೆ ಸ್ವಲ್ಪ ಅನುಕೂಲವಾಯಿತು.

ಅಹಮದ್‌ನಗರದ ಕೋಟೆ ದುಂಡಗಿದೆ, ಸುತ್ತಳತೆ ಸುಮಾರು 1.7 ಕಿಲೋಮೀಟರ್, ಸುತ್ತ ಆಳವಾದ ಕಂದಕ. ಕಲ್ಲಿನಲ್ಲಿ ಅದನ್ನು ಕಟ್ಟಿಸಿದವನು ಚಾಂದ್ ಬೀಬಿಯ ತಂದೆ ಹುಸೇನ್ ನಿಜಾಮ್ ಶಾಹ. ಏಣಿ ಹಾಕಿ ಹತ್ತುವುದು ಸಾಧ್ಯವಿಲ್ಲವೆಂದು ಕಂಡ ಮೊಗಲರು ನೆಲದಡಿ ಸುರಂಗ ತೋಡಿ, ಗೋಡೆಯ ಬುಡಕ್ಕೆ ಮದ್ದು ತುಂಬಿದರು. ಮೊಗಲ್ ಪಾಳೆಯದಲ್ಲಿದ್ದ ಶಿರಾಜಿನ ಒಬ್ಬ ಸರದಾರ ಮನಸ್ಸು ತಡೆಯದೆ ರಾತ್ರಿ ಬಂದು ಸುರಂಗಗಳ ಸುದ್ದಿ ತಿಳಿಸಿದ. ಒಳಗಿನವರು ಕೂಡಲೆ ಎದುರು ಸುರಂಗ ತೋಡಿ ಎರಡರ ಮದ್ದನ್ನು ಹೊರತೆಗೆದರು. ಮೂರನೆಯದನ್ನು ತೆಗೆಯುತ್ತಿರುವಾಗಲೇ ಮೊಗಲರು ಬೆಂಕಿ ಕೊಟ್ಟರು. ಗೋಡೆಯ ಬಹುದೊಡ್ಡ ಭಾಗ ಹಾರಿಹೋಯಿತು. ತೋಡುತ್ತಿದ್ದವರು ಕಲ್ಲಿನಡಿ ಸತ್ತರು. ಗೋಡೆಯ ಮೇಲಿದ್ದ ಎಷ್ಟೋ ಸರದಾರರು ಜೀವ ಹಿಡಿದುಕೊಂಡು ಓಡಿದರು.

ಅಮರ ಚಿತ್ರ ಕಥೆಯ ಚಿತ್ರಕ್ಕೆ ಬೇಕಾದ ಕ್ಷಣ ಇದೇ. ಚಾಂದ್ ಬೀಬಿ ಕವಚ ತೊಟ್ಟು, ಮುಖಕ್ಕೆ ಪರದೆ ಹಾಕಿಕೊಂಡು, ಕತ್ತಿ ಹಿಡಿದು ಒಡಕಿನ ಬಾಯಿಗೆ ಬಂದು ನಿಂತಳು. ಓಡಿದವರು ನಾಚಿ ಹಿಂದಿರುಗಿದರು. ಮೊಗಲರು ಉಳಿದ ಸುರಂಗಗಳೂ ಸಿಡಿಯಲಿ ಎಂದು ಕಾಯುತ್ತ ಸಮಯ ಕಳೆದರು. ಆ ಹೊತ್ತಿನಲ್ಲಿ ಒಳಗಿನವರು ಒಡಕಿನ ಬಾಯಿಗೆ ತೋಪುಗಳನ್ನು ತಂದು ಸಾಲಾಗಿ ನಿಲ್ಲಿಸಿದರು. ಸಂಜೆಯವರೆಗೆ ಮೊಗಲರು ಮೇಲಿಂದ ಮೇಲೆ ನುಗ್ಗಿದರು, ಪ್ರತಿ ಸಲವೂ ಹಿಂದೆ ಸರಿದರು. ಕಂದಕದಲ್ಲಿ ಹೆಣಗಳು ತುಂಬಿದವು. ರಾತ್ರಿ ಹೋರಾಟ ನಿಂತಾಗ ಯಾರೂ ಮಲಗಲಿಲ್ಲ. ರಾಣಿ ಮುಂದೆ ನಿಂತು ಕೈಗೆ ಸಿಕ್ಕ ಕಲ್ಲು, ಮಣ್ಣಿನಿಂದ ಗೋಡೆ ಎತ್ತಿಸಿದಳು. ಬೆಳಗಾಗುವಾಗ ಒಡಕು ಮುಚ್ಚಿ ಆಳೆತ್ತರದ ಗೋಡೆ ಎದ್ದಿತ್ತು. ಗುಂಡು ಮುಗಿದಾಗ ತಾಮ್ರ, ಬೆಳ್ಳಿ, ಚಿನ್ನದ ನಾಣ್ಯಗಳನ್ನೇ ತೋಪಿಗೆ ತುಂಬಿಸಿದಳು ಎಂದು ದಖನ್ನಿನ ಜನ ತಲೆಮಾರುಗಳಿಂದ ಹೇಳಿಕೊಂಡು ಬಂದಿದ್ದಾರೆ. ಅದು ದಂತಕಥೆಯ ಭಾಗ. ಜನ ತಮಗೆ ಬೇಕಾದವರಿಗೆ ಹೀಗೆ ಕಾಮಿಕ್ಸ್ ಹುಟ್ಟುವ ಮೊದಲೇ ಅತಿಮಾನುಷ ಶಕ್ತಿ ಕೊಡುತ್ತಿದ್ದರು. ಗೋಡೆ ಎದ್ದದ್ದು ಮಾತ್ರ ಚರಿತ್ರೆ.

ಈಗ ಮೊದಲಿನ ಪ್ರಶ್ನೆಗೆ ಬರೋಣ. ಓಡುತ್ತಿದ್ದ ಸೈನಿಕ ಏಕೆ ನಿಂತ? ದಖನಿ, ಹಬಶಿ, ಮರಾಠಿ, ಆಫಾಕಿ ಎಂದು ಒಡೆದಿದ್ದ ಜನರನ್ನು ಅವರವರ ಮಾತಿನಲ್ಲಿ ಕರೆಯಬಲ್ಲ ರಾಣಿ ಎದುರಿಗಿದ್ದಳು. ಒಡೆದ ಗೋಡೆಯನ್ನು ರಾತ್ರಿ ಬೆಳಗಾಗುವುದರೊಳಗೆ ಕಟ್ಟಬಹುದೆಂಬ ಧೈರ್ಯ ಆಕೆಗೆ ಎಲ್ಲಿಂದ ಬಂತು? ವಿಜಾಪುರದ ಮುತ್ತಿಗೆಯನ್ನು ಒಳಗಿದ್ದು ಕಂಡಿದ್ದಳು. ಗೋಡೆಯ ಹೊರಗೆ ಸ್ವಂತ ಸಹೋದರನ ಸೈನ್ಯವನ್ನೇ ಕಂಡವಳಿಗೆ ಮೊಗಲರ ಸೈನ್ಯ ಹೊಸ ಹೆದರಿಕೆಯಲ್ಲ. ಹೊರಗಿನ ಸಹಾಯ ಎಲ್ಲಿಂದ ಬಂತು? ಆಕೆ ವಿಜಾಪುರಕ್ಕೆ ಪತ್ರ ಬರೆದಳು. ತಾನು ಸಾಕಿದ ಹುಡುಗ ಈಗ ಸುಲ್ತಾನ. ಅವನು ಹಬಶಿ ಸೇನಾಪತಿ ಸುಹೇಲ್ ಖಾನನ ಕೈಕೆಳಗೆ ದೊಡ್ಡ ಸೈನ್ಯ ಕಳಿಸಿದ. ಗೋಲ್ಕೊಂಡದವರೂ ಬಂದು ಕೂಡಿಕೊಂಡರು. ಹದಿನಾಲ್ಕು ವರ್ಷದ ಹಿಂದೆ ವಿಜಾಪುರವನ್ನು ಮುತ್ತಿದ್ದ ಗೋಲ್ಕೊಂಡ ಈಗ ಆಕೆಯ ಕರೆಗೆ ಓಗೊಟ್ಟಿತು.

ಮೊಗಲರಿಗೆ ಕಾಳು ಕಡ್ಡಿಯ ಕೊರತೆ, ಎದುರಿಗೆ ಬರುತ್ತಿರುವ ದಖನಿ ಸೈನ್ಯ. ಚಾಂದ್ ಬೀಬಿಗೂ ತನ್ನ ಬಲದ ಮಿತಿ ಗೊತ್ತಿತ್ತು. 1596ರ ಆರಂಭದಲ್ಲಿ ಒಪ್ಪಂದವಾಯಿತು. ಬೇರಾರ್ ಪ್ರಾಂತ ಮೊಗಲರಿಗೆ, ಅಹಮದ್‌ನಗರ ಬಹಾದೂರನಿಗೆ. ದೊಡ್ಡ ಪ್ರಾಂತವನ್ನು ಬಿಟ್ಟುಕೊಟ್ಟು ರಾಜ್ಯವನ್ನು ಉಳಿಸಿಕೊಂಡಳು. ಅಂದಿನಿಂದ ಜನ ಆಕೆಯನ್ನು ಚಾಂದ್ ಸುಲ್ತಾನಾ ಎಂದು ಕರೆಯತೊಡಗಿದರು ಎನ್ನುತ್ತಾರೆ.

ಶಕ್ತಿ ಸೋತ ಜಾಗ

ಎಲ್ಲ ಸೂಪರ್‌ಹೀರೊಗಳಿಗೂ ಒಂದು ದುರ್ಬಲ ಜಾಗವಿರುತ್ತದೆ. ಸೂಪರ್‌ಮ್ಯಾನ್‌ಗೆ ಕ್ರಿಪ್ಟೊನೈಟ್ ಎಂಬ ಹಸಿರು ಕಲ್ಲು. ಚಾಂದ್ ಬೀಬಿಯನ್ನು ಸೋಲಿಸಿದ್ದು ಸುಳ್ಳು ಸುದ್ದಿ.

ಮುತ್ತಿಗೆ ಎದ್ದ ಮೇಲೆ ಸರದಾರರ ಜಗಳ ಮತ್ತೆ ಶುರುವಾಯಿತು. ಆಕೆ ಮಂತ್ರಿ ಮಾಡಿದವರೇ ಆಕೆಗೆ ಎದುರಾದರು. 1597ರಲ್ಲಿ ಗೋದಾವರಿ ತೀರದ ಯುದ್ಧದಲ್ಲಿ ಸುಹೇಲ್ ಖಾನನ ಕೂಡುಸೈನ್ಯ ಮೊಗಲರಿಗೆ ಸೋತಿತು. 1599ರಲ್ಲಿ ಮುರಾದ್ ಸತ್ತ. ಅವನ ಜಾಗಕ್ಕೆ ಅಕ್ಬರನ ಇನ್ನೊಬ್ಬ ಮಗ ದಾನಿಯಾಲ್ ಬಂದ, ಖಾನ್‌ಖಾನಾ ಮತ್ತೆ ಬಂದ. 1600ರಲ್ಲಿ ಅಹಮದ್‌ನಗರಕ್ಕೆ ಎರಡನೆಯ ಮುತ್ತಿಗೆ ಬಿತ್ತು. ಅಕ್ಬರನೇ ದಖನ್ನಿನ ಬಾಗಿಲಾದ ಬುರ್ಹಾನ್‌ಪುರಕ್ಕೆ ಬಂದು ಕುಳಿತಿದ್ದ.

ಈ ಸಲ ಹೊರಗಿನಿಂದ ಸಹಾಯ ಬರುವ ದಾರಿ ಕಾಣಲಿಲ್ಲ. ಒಳಗಿನವರು ಒಂದಾಗಿರಲಿಲ್ಲ. ಹುಡುಗ ಬಹಾದೂರನ ಜೀವ, ಕೋಟೆಯೊಳಗಿನ ಜನರ ಜೀವ ಉಳಿಯಬೇಕಾದರೆ ಮಾತುಕತೆ ಮಾಡಿ ಕೋಟೆ ಬಿಟ್ಟುಕೊಡುವುದೇ ದಾರಿ ಎಂದು ಆಕೆ ಎಣಿಸಿದಳು. ನಂಬಿದ ಒಬ್ಬ ಅಧಿಕಾರಿಯ ಹತ್ತಿರ ಈ ಯೋಚನೆ ಹೇಳಿದಳು. ಅವನು ಹೊರಗೆ ಹೋಗಿ, ರಾಣಿ ಮೊಗಲರ ಜೊತೆ ಸೇರಿದ್ದಾಳೆ, ಕೋಟೆಯನ್ನು ಮಾರುತ್ತಿದ್ದಾಳೆ ಎಂದು ಬೀದಿಯಲ್ಲಿ ಕೂಗಿದ. ಯಾರೂ ನಿಂತು ವಿಚಾರಿಸಲಿಲ್ಲ. ನಾಲ್ಕು ವರ್ಷದ ಹಿಂದೆ ಇದೇ ರಾಣಿ ಒಡಕಿನ ಬಾಯಿಯಲ್ಲಿ ನಿಂತದ್ದನ್ನು ಕಣ್ಣಾರೆ ಕಂಡವರೂ ಆ ಗುಂಪಿನಲ್ಲಿ ಇದ್ದಿರಬೇಕು. ಹಮೀದ್ ಖಾನನ ನಾಯಕತ್ವದಲ್ಲಿ ಗುಂಪು ಅರಮನೆಗೆ ನುಗ್ಗಿ ಆಕೆಯನ್ನು ಕೊಂದಿತು.

ಆಕೆ ಸತ್ತ ಮೇಲೆ ಕೋಟೆ ಬಹಳ ದಿನ ಉಳಿಯಲಿಲ್ಲ. 1600ರ ಆಗಸ್ಟ್‌ನಲ್ಲಿ ಮೊಗಲರು ಗೋಡೆ ಸಿಡಿಸಿ ಒಳಬಂದರು, ಒಳಗಿದ್ದ ಸೈನಿಕರನ್ನು ಕಡಿದರು. ಬಾಲಕ ಬಹಾದೂರನನ್ನು ಗ್ವಾಲಿಯರ್ ಕೋಟೆಯ ಸೆರೆಗೆ ಕಳಿಸಿದರು. ಈ ಸಾವುಗಳನ್ನು ತಪ್ಪಿಸಲೆಂದೇ ಆಕೆ ಮಾತುಕತೆಯ ಯೋಚನೆ ಮಾಡಿದ್ದಳು. ಕೂಗಿದವನ ಮಾತು ಸುಳ್ಳೆಂದು ಗೊತ್ತಾಗುವ ಹೊತ್ತಿಗೆ ಅದನ್ನು ನಂಬಿದವರಲ್ಲಿ ಎಷ್ಟು ಜನ ಬದುಕಿದ್ದರೋ!

ಅಂದು ಸುದ್ದಿ ಹರಡಲು ಒಬ್ಬ ಬೀದಿಯಲ್ಲಿ ಓಡಬೇಕಾಯಿತು. ಇಂದು ಒಂದು ಬೆರಳು ಸಾಕು. ವಾಟ್ಸ್‌ಆ್ಯಪ್‌ನಲ್ಲಿ ಬಂದ ಮಾತನ್ನು ಮುಂದೆ ಕಳಿಸುವ ಮೊದಲು ಕೇಳಬೇಕಾದ ಪ್ರಶ್ನೆ ಅಹಮದ್‌ನಗರದ ಬೀದಿಯಲ್ಲಿ ಕೇಳದೆ ಉಳಿದ ಪ್ರಶ್ನೆಯೇ: ಇದು ನಿಜವೇ, ಹೇಳುವವನು ಯಾರು, ಅವನಿಗೆ ಇದರಿಂದ ಏನು ಲಾಭ? ಸುದ್ದಿ ತಂದವರನ್ನು ನಂಬುವ ಮೊದಲು ವಿಚಾರಿಸಿ ನೋಡಬೇಕು, ಇಲ್ಲದಿದ್ದರೆ ತಿಳಿಯದೆ ಜನರಿಗೆ ಕೇಡು ಮಾಡಿ ಆಮೇಲೆ ಪಶ್ಚಾತ್ತಾಪ ಪಡಬೇಕಾದೀತು ಎಂಬ ಬುದ್ಧಿಮಾತು ನಮ್ಮ ಧರ್ಮದಲ್ಲೂ ಇದೆ. ಅದನ್ನು ಆಕೆಯ ಕಾಲದವರೂ ಓದಿದ್ದರು.

ಉಳಿದದ್ದು

ಚಾಂದ್ ಬೀಬಿಯ ಕಥೆ ನಮಗೆ ಇಷ್ಟು ವಿವರವಾಗಿ ಸಿಗುವುದಕ್ಕೆ ಮುಖ್ಯ ಕಾರಣ ಫಿರಿಶ್ತಾ ಎಂಬ ಇತಿಹಾಸಕಾರ. ಅಹಮದ್‌ನಗರದಲ್ಲೂ ಆಮೇಲೆ ವಿಜಾಪುರದಲ್ಲೂ ನೌಕರಿ ಮಾಡಿದ ಅವನು ಅದೇ ಕಾಲದವನು. ಆಕೆ ಬೆಳೆಸಿದ ಇಬ್ರಾಹಿಂನ ಆಶ್ರಯದಲ್ಲಿ ಕುಳಿತು ದಖನ್ನಿನ ಚರಿತ್ರೆ ಬರೆದ. ಅಹಮದ್‌ನಗರದ ಹೋರಾಟವೂ ಆಕೆಯ ಜೊತೆ ಮುಗಿಯಲಿಲ್ಲ. ಹಬಶಿ ಸರದಾರ ಮಲಿಕ್ ಅಂಬರ್ 1626ರಲ್ಲಿ ಸಾಯುವವರೆಗೆ ಅದನ್ನು ಮುಂದುವರಿಸಿದ. ಆಕೆ ಕಾಪಾಡಿದ ಅದೇ ಕೋಟೆಯಲ್ಲಿ 1942ರಿಂದ ಬ್ರಿಟಿಷರು ನೆಹರೂ ಮತ್ತಿತರ ನಾಯಕರನ್ನು ಸೆರೆಯಲ್ಲಿಟ್ಟರು. ಭಾರತದ ಚರಿತ್ರೆಯನ್ನು ಕುರಿತ ತಮ್ಮ ಪ್ರಸಿದ್ಧ ಪುಸ್ತಕವನ್ನು ನೆಹರೂ ಬರೆದದ್ದು ಅಲ್ಲೇ.

ವಿಜಾಪುರದಲ್ಲಿ ಆಕೆಯ ಹೆಸರಿನ ಒಂದು ಬಾವಿಯಿದೆ. ಚಾಂದ್ ಬಾವಡಿ. 1579ರಲ್ಲಿ ಅಲಿ ಆದಿಲ್ ಶಾಹ ಹೆಂಡತಿಯ ಹೆಸರಿನಲ್ಲಿ ಊರಿನ ಜನಕ್ಕೆ ನೀರಿಗೆಂದು ಕಟ್ಟಿಸಿದ ದೊಡ್ಡ ಮೆಟ್ಟಿಲು ಬಾವಿ. ನಮ್ಮ ಕಡೆಯ ಶಾಲೆ ಕಾಲೇಜುಗಳ ಪ್ರವಾಸದ ಬಸ್ಸುಗಳು ಗೋಲಗುಮ್ಮಟದ ಮುಂದೆ ನಿಲ್ಲುತ್ತವೆ. ನಾವು ಮೇಲೆ ಹತ್ತಿ ಕೂಗಿ, ಪ್ರತಿಧ್ವನಿ ಎಣಿಸಿ, ಫೋಟೊ ತೆಗೆಸಿಕೊಂಡು ಬರುತ್ತೇವೆ. ಬಾವಡಿಯ ಕಡೆ ಹೋಗುವವರು ಕಡಿಮೆ.

ಮುಂದಿನ ಸಲ ಹೋದಾಗ ಅಲ್ಲಿಯೂ ಸ್ವಲ್ಪ ಹೊತ್ತು ನಿಲ್ಲಬಹುದು. ಕಮಾನಿನ ಕೆಳಗಿನ ಮೆಟ್ಟಿಲ ಮೇಲೆ ನಿಂತು, ಹದಿನಾಲ್ಕರ ವಯಸ್ಸಿನಲ್ಲಿ ಈ ಊರಿಗೆ ಬಂದ ಒಬ್ಬ ಹುಡುಗಿ ಒಂದೊಂದೇ ವರ್ಷ, ಒಂದೊಂದೇ ಭಾಷೆ, ಒಂದೊಂದೇ ಕಷ್ಟ ಎಂದು ಕೂಡಿಸಿಟ್ಟುಕೊಂಡದ್ದನ್ನು ನೆನೆಯಬಹುದು. ಹನಿಹನಿಯಾಗಿ ತುಂಬಿದ ಆ ಬಲವನ್ನು ಆಕೆ ಬೇಕಾದ ದಿನ ಎತ್ತಿಕೊಟ್ಟಳು. ಬಾವಿಯೂ ಹಾಗೆಯೇ ತುಂಬುತ್ತದೆ.